ಬಾವಿಮನೆ ಭೈರವಿಯನ್ನು ಪೂರ್ತಿ ನೋಡಿದವರು

ಸೇತುರಾಮನಿಗೆ ಧೈರ್ಯಸ್ಥ ಎಂಬ ಹೆಸರು ಬಂದದ್ದು ಅವನು ಜೀವಮಾನದಲ್ಲೇ ಅತಿ ಹೆಚ್ಚು ಹೆದರಿದ ದಿನ. ಅಲ್ಲಾಳಸಂದ್ರದ ನೆಂಟರ ಮನೆಯಿಂದ ಮುಸ್ಸಂಜೆಯಲ್ಲಿ ಕೆರೆ ಏರಿಯ ಮೇಲೆ ಬರುತ್ತಿದ್ದಾಗ, ಸ್ಮಶಾನದ ಪಕ್ಕದ ಪೊದೆಯಿಂದ ಬೆಳ್ಳಗಿನದೇನೋ ಅವನ ಕಡೆ ಕೈ ಬೀಸಿತು. ಓಡಬೇಕೆಂಬ ಆಸೆ ಸೇತುರಾಮನಿಗೆ ಬಹಳವಿತ್ತು, ಕಾಲುಗಳು ಒಪ್ಪಲಿಲ್ಲ. ಕಾಲು ಗಂಟೆ ನಿಂತಲ್ಲೇ ನಿಂತ. ಆಮೇಲೆ ದೊಡ್ಡಮುನಿಯಪ್ಪ ಎಂಬ ರೈತ ಬಂದು, ಪೊದೆಯ ಮೇಲೆ ಒಣಹಾಕಿದ್ದ ತನ್ನ ಪಂಚೆಯನ್ನು ಎಳೆದುಕೊಂಡು, ಯಲಹಂಕಕ್ಕೆಲ್ಲ ಸುದ್ದಿ ಹಬ್ಬಿಸಿದ.

"ಅಮಾಸೆ ದಿನ ಸ್ಮಸಾನದ್ ಮುಂದೆ ಎದೆ ಸೆಟ್ಸ್ಕಂಡು ನಿಂತಿದ್ರು ಕಣ್ರಪ್ಪಾ! ಒಂದಿಂಚು ಅಲ್ಲಾಡ್ಲಿಲ್ಲ!"

ನಿಜ ಹೇಳಲು ಸೇತುರಾಮ ಬಾಯಿ ತೆರೆದದ್ದುಂಟು. ಅಷ್ಟರಲ್ಲಿ ಹೋಟೆಲಿನವನು ಗೌರವದಿಂದ ಡಿಕಾಕ್ಷನ್ ಹೆಚ್ಚಿಗೆ ಹಾಕಿ ಕಾಫಿ ತಂದಿಟ್ಟ. ತೆರೆದ ಬಾಯಿಯಿಂದ ಕಾಫಿ ಕುಡಿದು ಸೇತುರಾಮ ಮನೆಗೆ ಹೋದ.

ಆರು ವರ್ಷ ಈ ಕೀರ್ತಿಯಿಂದ ಅವನಿಗೆ ತೊಂದರೆಯೇನೂ ಆಗಲಿಲ್ಲ. ಆದದ್ದು ಎಪ್ಪತ್ತೊಂಬತ್ತನೇ ಇಸವಿಯ ಶ್ರಾವಣದಲ್ಲಿ, ಅಂಜಿನಮ್ಮನ ಟೆಂಟಿನ ದೆಸೆಯಿಂದ.

ಅಂಜಿನಮ್ಮನ ಟೂರಿಂಗ್ ಟಾಕೀಸು ದೊಡ್ಡಬಳ್ಳಾಪುರದ ರಸ್ತೆಯ ಪಕ್ಕದಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಆಕೆಯೇ ಅದನ್ನು ನಡೆಸುತ್ತಿದ್ದಳು. ಗೇಟಿನಲ್ಲಿ ಟಿಕೆಟ್ ಹರಿಯುವವಳೂ ಅವಳೇ, ಕುಡಿದು ಬಂದವರ ಕತ್ತಿನಪಟ್ಟಿ ಹಿಡಿದು ಹೊರಗೆ ಹಾಕುವವಳೂ ಅವಳೇ. ಯಾವ ಚಿತ್ರವೂ ಅಲ್ಲಿ ನಾಲ್ಕು ದಿನ ನಿಂತದ್ದಿಲ್ಲ. ಆದರೆ ಮೆಜೆಸ್ಟಿಕ್ಕಿನಲ್ಲಿ ಎರಡೇ ದಿನಕ್ಕೆ ಎತ್ತಂಗಡಿಯಾಗಿದ್ದ 'ಬಾವಿಮನೆ ಭೈರವಿ' ಅಂಜಿನಮ್ಮನ ಟೆಂಟಿನಲ್ಲಿ ಏಳನೇ ವಾರಕ್ಕೆ ಕಾಲಿಟ್ಟಿತ್ತು. ಬಾವಿಯೊಳಗೆ ಒಂದು ದೆವ್ವ, ಆ ದೆವ್ವದ ಕಥೆಗೆ ಒಂಬತ್ತು ಹಾಡು, ಕಪ್ಪು ಬಟ್ಟೆಯ ಮೇಲೆ ಸುಣ್ಣದಲ್ಲಿ ಮೂಳೆ ಬರೆದುಕೊಂಡು ಕುಣಿಯುವ ಹತ್ತು ಅಸ್ಥಿಪಂಜರಗಳು. ದೆವ್ವ ಬಾವಿಕಟ್ಟೆಗೆ ಬಂದು "ದಾಹ..." ಎಂದ ತಕ್ಷಣ ಇಡೀ ಟೆಂಟು "ಬಾವೀಲೇ ಇದ್ಯಲ್ಲಮ್ಮಾ, ಕುಡಿ!" ಎಂದು ಕೂಗುತ್ತಿತ್ತು. ಪರದೆಗೆ ನಿಂಬೆಹಣ್ಣು ಎಸೆಯುವುದು ವಾಡಿಕೆಯಾಗಿ, ಊರಿನಲ್ಲಿ ಚಿತ್ರಾನ್ನಕ್ಕೆ ನಿಂಬೆಹಣ್ಣು ಸಿಗದಂತಾಯಿತು.

ಊರು ಎರಡು ಪಾಲಾಯಿತು. ಇಂಥ ಘೋರವಾದ ಚಿತ್ರ ಹುಟ್ಟಿಲ್ಲ, ನಿಲ್ಲಿಸಿ ಎಂದು ಪುರಸಭೆಯ ಕಚೇರಿಗೆ ಒಂದು ಅರ್ಜಿ ಬಂತು. ಇಂಥ ಇಂಪಾದ ಚಿತ್ರ ಹುಟ್ಟಿಲ್ಲ, ನಿಲ್ಲಿಸಿದರೆ ನೋಡಿಕೊಳ್ಳುತ್ತೇವೆ ಎಂದು ಇನ್ನೊಂದು. ಮೊದಲನೆಯದರಲ್ಲಿ ಪಕ್ಕದ ಮನೆಯ ಸಿದ್ರಾಮಪ್ಪನ ಸಹಿ ಎಲ್ಲಕ್ಕಿಂತ ಮೇಲಿತ್ತು. ಗದಗದ ಕಡೆಯಿಂದ ಬಂದು ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದ ಆತ, ವಾರಕ್ಕೆರಡು ಸಲ ಟೆಂಟಿಗೆ ಹೋಗಿ ವಿರೋಧಕ್ಕೆ ಬೇಕಾದ ಆಧಾರ ಒದಗಿಸಿಕೊಂಡು ಬರುತ್ತಿದ್ದ. ಎರಡನೆಯದರಲ್ಲಿ ಎಲ್ಲಕ್ಕಿಂತ ಮೇಲಿದ್ದ ಸಹಿ ಸೇತುರಾಮನ ಹೆಂಡತಿ ನಾಗಮಣಿಯದು.

ಟೆಂಟಿನ ಪರವಾನಗಿ ಆ ಶನಿವಾರಕ್ಕೆ ಮುಗಿಯುವುದಿತ್ತು. ಕಚೇರಿಯ ಮುಖ್ಯಾಧಿಕಾರಿ ವೇಣುಗೋಪಾಲ ರಾಯರು ಗುಮಾಸ್ತ ಸೇತುರಾಮನನ್ನು ಕರೆದರು.

"ಚಿತ್ರ ನೋಡಿ ವರದಿ ಕೊಡ್ರೀ. ನಾನೇ ಹೋಗ್ತಿದ್ದೆ, ನನಗೆ ಆ ಟೆಂಟಿನ ಬೀಡಿ ಹೊಗೆ ಆಗಿಬರಲ್ಲ. ನೀವಾದ್ರೆ ಧೈರ್ಯಸ್ಥರು."

"ಸಾರ್, ನನಗೂ ಹೊಗೆ..."

"ಸ್ಮಶಾನದ ಹೊಗೇನೇ ಕುಡಿದವರು ನೀವು," ಎಂದು ರಾಯರು ಫೈಲು ಮುಂದೆ ತಳ್ಳಿದರು.

ಆ ಸಂಜೆ ಅಂಜಿನಮ್ಮ ಸೇತುರಾಮನಿಗೆ ಕುರ್ಚಿಯನ್ನು ಸೆರಗಿನಿಂದ ಒರೆಸಿ, ನಟ್ಟನಡುವೆ ಹಾಕಿ, ಪಕ್ಕದಲ್ಲೇ ನಿಂತುಕೊಂಡಳು. ದೀಪ ಆರಿತು. ಡಮ್ ಎಂದು ನಗಾರಿ ಬಡಿಯಿತು. ಸೇತುರಾಮ ಕಣ್ಣು ಮುಚ್ಚಿದ.

ನೋಡುವವರಿಗೆ ಗಹನವಾದ ಆಲೋಚನೆಯಂತೆ ಕಾಣಲೆಂದು ಹಣೆಗೆ ಕೈ ಇಟ್ಟುಕೊಂಡ. ಸುತ್ತ ಕಿರುಚಾಟ, ಕೇಕೆ, ನಿಂಬೆಹಣ್ಣುಗಳು ಪರದೆಗೆ ಬಡಿಯುವ ಸದ್ದು. ತಡೆಯಲಾರದೆ ಅವನ ಬಾಯಿಂದ ಒಂದು ಪಿಸುಮಾತು ಹೊರಬಿತ್ತು.

"ಹೋಯ್ತಾ?"

"ಓಯ್ತು ಸೋಮಿ. ಕಣ್ ಬಿಡಿ," ಎಂದಳು ಅಂಜಿನಮ್ಮ.

ಕಣ್ಣು ಬಿಟ್ಟರೆ ಹಾಡು. ತುಳಸಿಕಟ್ಟೆ, ದೀಪ, ಹೂವಿನ ತೋಟ. ನಗಾರಿ ಬಡಿದಾಗ ಮತ್ತೆ ಮುಚ್ಚಿದ, ಕೊಳಲು ಕೇಳಿದಾಗ ಮತ್ತೆ ಬಿಟ್ಟ. ಬಿಳಿ ಸೀರೆಯ ಹೆಂಗಸೊಬ್ಬಳು ತೊಟ್ಟಿಲು ತೂಗುತ್ತಿದ್ದಳು. ಹೀಗೆ ಎರಡೂವರೆ ಗಂಟೆಯಲ್ಲಿ ಸೇತುರಾಮ ನೋಡಿದ್ದು ಒಂಬತ್ತು ಹಾಡು ಮತ್ತು ಶುಭಂ.

ಮಾರನೆಯ ದಿನ ಅವನು ವರದಿ ಬರೆದ. 'ಸದರಿ ಚಿತ್ರವು ತಾಯ್ತನದ ಮಹಿಮೆಯನ್ನು ಸಾರುವ ಸಂಗೀತಪ್ರಧಾನ ಸಾಂಸಾರಿಕ ಚಿತ್ರವಾಗಿದ್ದು, ಮಕ್ಕಳೂ ಬಾಣಂತಿಯರೂ ನಿರಾತಂಕವಾಗಿ ನೋಡಬಹುದಾಗಿದೆ.' ಕೆಳಗೆ ಅಚ್ಚಿನಲ್ಲಿ ಒಂದು ಸಾಲಿತ್ತು: 'ಆದ್ಯಂತ ಖುದ್ದಾಗಿ ವೀಕ್ಷಿಸಿರುತ್ತೇನೆ.' ಅದರ ಕೆಳಗೆ ಸಹಿ ಹಾಕುವಾಗ ಪೆನ್ನು ಎರಡು ಸಲ ನಿಂತಿತು. ಪೆನ್ನು ಸರಿಯಿಲ್ಲವೆಂದುಕೊಂಡು ಹಾಕಿಯೇಬಿಟ್ಟ.

ಕಚೇರಿಯ ಪದ್ಧತಿಯಂತೆ ವರದಿಯ ಒಂದು ಪ್ರತಿ ನೋಟೀಸ್ ಬೋರ್ಡಿಗೆ ಹೋಯಿತು. ಸಂಜೆ ಮನೆಗೆ ಬರುವಷ್ಟರಲ್ಲಿ ನಾಗಮಣಿ ಅವನಿಗೆಂದು ಸಜ್ಜಿಗೆ ಮಾಡಿಟ್ಟಿದ್ದಳು.

"ಎಷ್ಟು ಚೆನ್ನಾಗಿ ಬರ್ದಿದೀರಿ ರೀ! ಎದುರುಮನೆ ಗೋಪಾಲಮ್ಮನೋರು ಓದಿ ಕಣ್ಣೀರು ಹಾಕಿದ್ರಂತೆ."

ಸಜ್ಜಿಗೆಯ ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಗೋಡೆಯಾಚೆಯಿಂದ ಸಿದ್ರಾಮಪ್ಪನ ಮುಖ ಎದ್ದಿತು.

"ಏನ್ರೀ ಸೇತುರಾಮ, ನಿಮ್ಮ ಕಣ್ಣಾಗ ಹೂ ಬಿದ್ದಾವೇನು? ಬಾಣಂತ್ಯಾರು ನೋಡಬೇಕಾ? ಮೂರನೇ ರೀಲಿನ್ಯಾಗ ಆ ದೆವ್ವ ಬಾಣಂತೀನಽ ಕೂದಲಾ ಹಿಡಕೊಂಡು ಬಾವಿಗೆ ಎಳಕೊಂಡು ಹೋಗತೈತ್ರೀ!"

ಸೇತುರಾಮನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ಅವನು ನೋಡಿದ್ದ ಬಾಣಂತಿ ಮೂರನೇ ಹಾಡಿನಲ್ಲಿ ನಗುನಗುತ್ತಾ ಕೂದಲಿಗೆ ಧೂಪ ಹಿಡಿಯುತ್ತಿದ್ದಳು.

ಗುರುವಾರ ರಾಯರು ಕರೆದರು. ಮೇಜಿನ ಮೇಲೆ ಸಿದ್ರಾಮಪ್ಪನ ಎರಡನೇ ಅರ್ಜಿ ಇತ್ತು.

"ಚಿತ್ರಾನಾದ್ರೂ ಸುಳ್ಳು ಹೇಳ್ತಿರಬೇಕು, ನೀವಾದ್ರೂ ಹೇಳ್ತಿರಬೇಕು. ಚಿತ್ರಕ್ಕೆ ಮೆಮೋ ಕೊಡೋಕೆ ನನಗೆ ಅಧಿಕಾರ ಇಲ್ಲ. ಶನಿವಾರ ಸಂಜೆ ಐದಕ್ಕೆ ಟೆಂಟಲ್ಲೇ ವಿಚಾರಣೆ. ಎಲ್ಲರ ಮುಂದೆ ಕಥೆ ಹೇಳಿ, ರೀಲು ರೀಲಾಗಿ. ನಿಮ್ಮ ವರದಿ ಬಿದ್ದುಹೋದ್ರೆ ಆ ಹೆಂಗಸಿನ ಪರವಾನಗಿ ಅಲ್ಲೇ ರದ್ದು. ನಿಮ್ಮ ವಿಷಯ ಸೋಮವಾರ ನೋಡೋಣ."

ಎರಡೇ ದಿನ ಉಳಿದಿತ್ತು. ಸೇತುರಾಮ ಕಾಗದ, ಪೆನ್ಸಿಲು ಹಿಡಿದು ಹೆಂಡತಿಯ ಮುಂದೆ ಕೂತ. ಒಂಬತ್ತು ಸಲ ನೋಡಿದವಳು, ಕಥೆ ಬಾರದೆ ಇರುತ್ತದೆಯೇ?

"ಮೊದಲು ತುಳಸಿಕಟ್ಟೆ ಹಾಡು," ಎಂದು ನಾಗಮಣಿ ಉತ್ಸಾಹದಿಂದ ಶುರುಮಾಡಿದಳು. "ಆಮೇಲೆ ಸ್ವಲ್ಪ ಏನೋ ಗಲಾಟೆ. ಆಮೇಲೆ ತೋಟದ ಹಾಡು. ಆಮೇಲೆ ಮತ್ತೆ ಗಲಾಟೆ. ಆಮೇಲೆ..."

"ಆ ಗಲಾಟೇಲಿ ಏನಾಗತ್ತೆ ಕಣೇ?"

"ನನಗೇನು ಗೊತ್ತು? ಸೆರಗು ಮುಖದ ಮೇಲಿರತ್ತಲ್ಲ ಆಗ. ನೀವು ನೋಡಿದೀರಲ್ಲ, ನೀವೇ ಹೇಳಿ."

ಸೇತುರಾಮ ಗೋಡೆಯ ಹತ್ತಿರ ಹೋದ. ಕಚೇರಿಯ ಗತ್ತು ತಂದುಕೊಂಡು, ಆಕ್ಷೇಪಣೆಯ ವಿವರ ದಾಖಲಿಸಿಕೊಳ್ಳಬೇಕಾಗಿದೆ ಎಂದ. ಸಿದ್ರಾಮಪ್ಪ ಸಂತೋಷದಿಂದ ಒಪ್ಪಿದ.

"ಬರಕೋರಿ. ಮೊದಲ ಬಾಣಂತಿ ಸಾಯ್ತಾಳ. ಆಮ್ಯಾಲ ಪೂಜಾರಿ. ಆಮ್ಯಾಲ ಡಾಕ್ಟರ್. ಆಮ್ಯಾಲ ಇನ್ನೊಬ್ಬ ಡಾಕ್ಟರ್."

"ನಡುವೆ ತೊಟ್ಟಿಲು ಬರತ್ತಲ್ಲ..."

"ತೊಟ್ಟಿಲಾ? ಯಾವ ತೊಟ್ಟಿಲ? ಹಾಡು ಬಂತಂದ್ರ ಗಂಡಸರು ಒಳಗ ಕುಂದ್ರತಾರೇನ್ರೀ? ಹೊರಗ ಬೀಡಿ ಸೇದಾಕ ಹೋಗ್ತೀವಿ."

ಅಂದು ಸಂಜೆ ಸೇತುರಾಮ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದ. ಒಂದರಲ್ಲಿ ಯಾರೂ ಸಾಯುತ್ತಿರಲಿಲ್ಲ, ಇನ್ನೊಂದರಲ್ಲಿ ಯಾರೂ ಬದುಕಿರಲಿಲ್ಲ. ಎರಡಕ್ಕೂ ಸಮನಾಗಿದ್ದದ್ದು ಬಾವಿ ಒಂದೇ. ಇದು ಎರಡು ಬೇರೆ ಬೇರೆ ಚಿತ್ರ, ಟೆಂಟಿನಲ್ಲಿ ದಿನಕ್ಕೊಂದು ತೋರಿಸುತ್ತಾರೆ ಎಂಬ ತೀರ್ಮಾನಕ್ಕೆ ಬಂದು, ಐದು ನಿಮಿಷ ಸಮಾಧಾನದಿಂದಲೂ ಇದ್ದ. ಶುಕ್ರವಾರ ಧೈರ್ಯ ಮಾಡಿ ಮತ್ತೊಮ್ಮೆ ಟೆಂಟಿಗೆ ಹೋದ. ರೆಪ್ಪೆಗಳನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು ಕೂತ. ನಗಾರಿ ಬಡಿದದ್ದೇ ತಡ, ಬೆರಳುಗಳೂ ಅವನಿಗೆ ಕೈಕೊಟ್ಟವು.

ಶನಿವಾರ ಬೆಳಿಗ್ಗೆ ಅಂಜಿನಮ್ಮ ಒಂದು ಮಡಿಲು ದಂಟಿನ ಸೊಪ್ಪು ತಂದು ಅವನ ಬಾಗಿಲಲ್ಲಿ ನಿಂತಳು. ಎರಡೇ ದಿನದಲ್ಲಿ ಸೊರಗಿಹೋಗಿದ್ದಳು.

"ನೀವ್ ಬರ್ದಂಗೇ ಏಳ್ಬುಡಿ ಸೋಮಿ, ಸಾಕು. ಟೆಂಟು ಕಿತ್ರೆ ಆ ಗೂಟ ಇಡ್ಕಂಡು ನಾನೆಲ್ಲಿಗ್ ಓಗ್ಲಿ? ಇಪ್ಪತ್ತು ವರ್ಸ ಅದ್ರಡೀಲೇ ಮಲಗಿವ್ನಿ."

"ಹೇಳ್ತೀನಿ ಅಂಜಿನಮ್ಮ," ಎಂದ ಸೇತುರಾಮ.

ಹೊರಟವಳು ತಿರುಗಿ ನಿಂತು, ಒಳಗಿನವರಿಗೆ ಕೇಳದಂತೆ ದನಿ ತಗ್ಗಿಸಿದಳು. "ನಿಮ್ ಸಮಾಚಾರ ನಂತಾವ್ಲೇ ಐತೆ. ಯಾರ್ಗೂ ಏಳಾಕಿಲ್ಲ. ನಿಮ್ ಮರ್ವಾದಿ ಓಗಬಾರ್ದು."

ಅವಳಿಗೆ ಮೊದಲ ದಿನವೇ ಎಲ್ಲ ತಿಳಿದಿತ್ತು. ಸೇತುರಾಮನಿಗೆ ಸೊಪ್ಪಿನ ಕಂತೆಯನ್ನು ಒಳಗೆ ಒಯ್ಯಲೂ ನಾಚಿಕೆಯಾಯಿತು.

ಐದು ಗಂಟೆಗೆ ಟೆಂಟು ತುಂಬಿತ್ತು. ಮೊಣಕಾಲೆತ್ತರದ ಗೋಡೆಯ ಈ ಕಡೆ ಗಂಡಸರು, ಆ ಕಡೆ ಹೆಂಗಸರು, ಪರದೆಯ ಮುಂದೆ ಒಂದು ಮೇಜು. ಮೇಜಿನ ಹಿಂದೆ ವೇಣುಗೋಪಾಲ ರಾಯರು, ಅವರ ಮುಂದೆ ಪರವಾನಗಿಯ ಫೈಲು, ತೆರೆದ ಪೆನ್ನು. ಅಂಜಿನಮ್ಮ ಟೆಂಟಿನ ನಡುಗಂಬವನ್ನು ಹಿಡಿದುಕೊಂಡು ನಿಂತಿದ್ದಳು. ನಿಂಬೆಹಣ್ಣು ತಂದವರನ್ನು ಹೊರಗೇ ತಡೆಯಲಾಗಿತ್ತು.

ಸೇತುರಾಮ ಎದ್ದು ನಿಂತ. ಮೊದಲ ರೀಲನ್ನು ತುಳಸಿಕಟ್ಟೆಯಿಂದ ಹೇಗೋ ದಾಟಿಸಿದ. ಹೆಂಗಸರ ಕಡೆಯಿಂದ ಮೆಚ್ಚುಗೆಯ ಗುಸುಗುಸು ಬಂತು. ಎರಡನೇ ರೀಲಿನ ತೋಟವನ್ನು ಸ್ವಲ್ಪ ಹೆಚ್ಚಾಗಿಯೇ ವರ್ಣಿಸಿದ, ಒಂದೊಂದು ಹೂವಿನ ಹೆಸರನ್ನೂ ಹೇಳಿ ಹೊತ್ತು ಕಳೆಯಲು ನೋಡಿದ.

"ಹೂವು ಸಾಕು," ಎಂದರು ರಾಯರು. "ತೋಟದ ಹಾಡು ಮುಗೀತು. ಮುಂದೆ?"

"ಮುಂದೆ ಸಾರ್... ಸ್ವಲ್ಪ ಗಲಾಟೆ."

"ಎಂಥಾ ಗಲಾಟೆ?"

"ಸಾಂಸಾರಿಕ ಗಲಾಟೆ ಸಾರ್."

ಗಂಡಸರು ಟೆಂಟು ಹಾರಿಹೋಗುವಂತೆ ನಕ್ಕರು. ಸಿದ್ರಾಮಪ್ಪ ಬೆಂಚಿನ ಮೇಲೆಯೇ ಹತ್ತಿ ನಿಂತ. "ನೋಡ್ರೀ ಸಾಹೇಬ್ರ! ಬಾಣಂತೀನ ಬಾವ್ಯಾಗ ಹಾಕಿದ್ದು ಸಾಂಸಾರಿಕಂತ! ಈ ಮನಷ್ಯಾ ಚಿತ್ರಾನಽ ನೋಡಿಲ್ಲ!"

"ನಮ್ಮನೆಯವರು ನೋಡಿದಾರೆ!" ಎಂದು ನಾಗಮಣಿ ಗೋಡೆಯಾಚೆಯಿಂದ ಎದ್ದಳು. "ಸ್ಮಶಾನಕ್ಕೆ ಹೆದರದವರು ನಿಮ್ಮ ಬಾವಿಗೆ ಹೆದರ್ತಾರಾ?"

ರಾಯರು ಕೈ ಎತ್ತಿ ಇಬ್ಬರನ್ನೂ ಕೂರಿಸಿದರು. "ಸೇತುರಾಮ್, ಕೊನೇ ಸಲ ಕೇಳ್ತಿದೀನಿ. ಮೂರನೇ ರೀಲಲ್ಲಿ ಏನಾಗತ್ತೆ?"

ರಾಯರ ಪೆನ್ನು ಫೈಲಿನ ಮೇಲೆ ಇಳಿಯತೊಡಗಿತು. ಸೇತುರಾಮ ಅಂಜಿನಮ್ಮನ ಕಡೆ ನೋಡಿದ. ಅವಳು ಬಾಯಿ ಬಿಟ್ಟರೆ ಅವನ ಕಥೆ ಮುಗಿಯುತ್ತಿತ್ತು. ವರದಿ ಸುಳ್ಳಾದದ್ದು ಯಾರ ತಪ್ಪಿನಿಂದ ಎಂದು ಸಾಹೇಬರಿಗೂ ತಿಳಿಯುತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

"ಸಾರ್, ಬರೀಬೇಡಿ," ಎಂದ. "ನಾನು ನೋಡಿಲ್ಲ. ಕಣ್ಣು ಮುಚ್ಕೊಂಡಿದ್ದೆ. ನನಗೆ ದೆವ್ವ ಅಂದ್ರೆ ಭಯ. ಚಿಕ್ಕಂದಿನಿಂದ್ಲೂ ಭಯ. ಅವತ್ತು ಕೆರೆ ಏರಿ ಮೇಲೂ ಧೈರ್ಯದಿಂದ ನಿಂತಿದ್ದಲ್ಲ, ಕಾಲು ಬರ್ಲಿಲ್ಲ ಅಷ್ಟೇ. ನಗಾರಿ ಬಡಿದ್ರೆ ಮುಚ್ತಿದ್ದೆ, ಹಾಡು ಬಂದ್ರೆ ಬಿಡ್ತಿದ್ದೆ. ನಾನು ನೋಡಿರೋದು ಬರೀ ಹಾಡು."

ದೊಡ್ಡಮುನಿಯಪ್ಪ ಹಿಂದಿನ ಸಾಲಿನಲ್ಲಿ ಎದ್ದು, "ಅಂಗಾರೆ ನಂ ಪಂಚೆಗೆ ಎದ್ರಿದ್ರಾ?" ಎಂದು ನೊಂದು ಕೇಳಿದ. ಆಮೇಲೆ ಎದ್ದ ನಗುವಿನಲ್ಲಿ ಸೇತುರಾಮನ ಆರು ವರ್ಷದ ಕೀರ್ತಿ ಕೊಚ್ಚಿಹೋಯಿತು. ನಾಗಮಣಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆ ಸೆರಗನ್ನು ನೋಡಿದಾಗ ಸೇತುರಾಮನಿಗೆ ಎರಡು ದಿನದಿಂದ ಹೊಳೆಯದೇ ಇದ್ದದ್ದು ಹೊಳೆಯಿತು.

"ಸಾರ್! ಆ ಎರಡು ಅರ್ಜಿ ನೋಡಿ ಸಾರ್. ಬೇಡ ಅಂದಿರೋರೆಲ್ಲ ಗಂಡಸರು. ಬೇಕು ಅಂದಿರೋರೆಲ್ಲ ಹೆಂಗಸರು." ಅವನು ಸಿದ್ರಾಮಪ್ಪನ ಕಡೆ ತಿರುಗಿದ. "ಆ ಬಿಳಿ ಸೀರೆಯವಳು ತೂಗೋ ತೊಟ್ಟಿಲಲ್ಲಿ ಏನಿರತ್ತೆ ಹೇಳಿ?"

ಸಿದ್ರಾಮಪ್ಪ ಬೆಂಚಿನಿಂದ ಅರ್ಧ ಎದ್ದು ಹೆಗಲ ಟವೆಲು ಸರಿಮಾಡಿಕೊಂಡ. "ಅದು ಹಾಡಲ್ರೀ... ನಾವು ಹೊರಗಿದ್ವಿ."

"ಗೋಪಾಲಮ್ಮನೋರೇ, ಬಾಣಂತಿಗೆ ಏನಾಯ್ತು?"

"ಆ ಹುಡುಗೀಗಾ?" ಎಂದರು ಗೋಪಾಲಮ್ಮ. "ಮೂರನೇ ಹಾಡಾದ ಮೇಲೆ ಕಾಣಿಸ್ಲಿಲ್ಲಪ್ಪ. ತವರಿಗೆ ಹೋಗಿರಬೇಕು ಅಂದ್ಕೊಂಡೆ."

ಗಂಡಸರು ನಗಲು ಬಾಯಿ ತೆರೆದು, ತಾವೂ ಸಿಕ್ಕಿಹಾಕಿಕೊಂಡದ್ದು ನೆನಪಾಗಿ ಮುಚ್ಚಿದರು. ರಾಯರ ಮುಖ ಕೆಂಪಾಯಿತು. ಹಾಗಾದರೆ ಈ ಚಿತ್ರವನ್ನು ಪೂರ್ತಿ ನೋಡಿದವರು ಕೈ ಎತ್ತಿ ಎಂದರು. ನಾನೂರು ಜನರಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಪ್ರೊಜೆಕ್ಟರ್ ಓಡಿಸುವ ವಾಜಿದನನ್ನು ಕರೆಸಿದರು.

"ನಾನು ಪರದೆ ನೋಡಲ್ಲ ಸಾಬ್, ಮೆಶಿನ್ ದೀಪದ ಕಾರ್ಬನ್ ಕಡ್ಡಿ ನೋಡ್ತೀನಿ. ಕಣ್ಣು ಆ ಕಡೆ ಹೋದ್ರೆ ರೀಲಿಗೆ ಬೆಂಕಿ."

"ನೀನಾದ್ರೂ ನೋಡಿದೀಯೇನಮ್ಮ?"

"ನಾನ್ ಜನಾನ್ ನೋಡ್ತೀನಿ ಸೋಮಿ," ಎಂದಳು ಅಂಜಿನಮ್ಮ. "ಯಾರ್ ಬೇಲಿ ನುಗ್ಗವ್ರೆ, ಯಾರ್ ಎದ್ರವ್ರೆ ಅಂತ."

ಗಂಡಸರೂ ಹೆಂಗಸರೂ ಏಳು ವಾರದಲ್ಲಿ ಮೊದಲ ಬಾರಿಗೆ ಒಂದೇ ಮಾತಾಡಿದರು: "ಸಾಹೇಬ್ರೇ ನೋಡ್ಲಿ!" ರಾಯರು ಗಡಿಯಾರ ನೋಡಿಕೊಂಡರು, ಹೊಗೆ ಎಂದರು, ಮನೆಯಲ್ಲಿ ನೆಂಟರು ಎಂದರು. ಯಾರೂ ಬೀಡಿ ಹಚ್ಚುವುದಿಲ್ಲವೆಂದು ಗಂಡಸರೆಲ್ಲ ಆಣೆ ಮಾಡಿಬಿಟ್ಟರು. ಬೇರೆ ದಾರಿಯಿಲ್ಲದೆ ರಾಯರು ಆಜ್ಞೆ ಹೊರಡಿಸಿದರು: ಹಾಡಿಗೆ ಯಾರೂ ಹೊರಗೆ ಹೋಗಕೂಡದು, ಗಲಾಟೆಗೆ ಯಾರೂ ಮುಖಕ್ಕೆ ಸೆರಗು ಎಳೆಯಕೂಡದು. ಅಂಜಿನಮ್ಮ ಗೇಟಿಗೆ ಹಗ್ಗ ಬಿಗಿದಳು. ಹೊರಗೆ ಕತ್ತಲಾಗುತ್ತಿತ್ತು. ಸೇತುರಾಮ ಫೈಲು ಹಿಡಿದು ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕೂತ.

ಡಮ್ ಎಂದು ನಗಾರಿ ಬಡಿಯಿತು. ಸೇತುರಾಮನ ರೆಪ್ಪೆಗಳು ರೂಢಿಯಂತೆ ಇಳಿಯುವುದರಲ್ಲಿದ್ದವು. ಅಷ್ಟರಲ್ಲಿ ತಣ್ಣಗಿನದೇನೋ ಅವನ ಮಣಿಕಟ್ಟನ್ನು ಗಬಕ್ಕನೆ ಹಿಡಿಯಿತು. ಬೆಚ್ಚಿಬಿದ್ದು ತಿರುಗಿ ನೋಡಿದ. ಅದು ವೇಣುಗೋಪಾಲ ರಾಯರ ಕೈ. ರಾಯರು ಇನ್ನೊಂದು ಕೈಯನ್ನು ಹಣೆಗೆ ಇಟ್ಟುಕೊಂಡು ಗಹನವಾದ ಆಲೋಚನೆಯಲ್ಲಿದ್ದರು.

ಸೇತುರಾಮ ಪರದೆಯ ಕಡೆ ನೋಡಿದ. ಹುಟ್ಟಿದಾರಭ್ಯ ಮೊದಲ ಸಲ ಒಂದು ದೆವ್ವವನ್ನು ಮುಖ ಕೊಟ್ಟು ನೋಡಿದ. ಅದು ಎಡಗೈಗೆ ವಾಚು ಕಟ್ಟಿಕೊಂಡಿತ್ತು. ಬಾವಿಯಿಂದ ಮೇಲೇಳುವಾಗ ಸೊಂಟಕ್ಕೆ ಬಿಗಿದ ಹಗ್ಗ ಕಾಣಿಸುತ್ತಿತ್ತು, ಹಗ್ಗವನ್ನು ಎಳೆಯುತ್ತಿದ್ದವನ ಮೊಣಕೈಯೂ ಕಾಣಿಸುತ್ತಿತ್ತು. ಒಂದು ಅಸ್ಥಿಪಂಜರಕ್ಕೆ ಹೊಟ್ಟೆ ಬಂದಿತ್ತು. ಸೇತುರಾಮ ನಗು ತಡೆಯಲಾಗದೆ ಫೈಲು ಬಾಯಿಗೆ ಒತ್ತಿಕೊಂಡ.

"ಅಯ್ಯೋ, ಬಾಣಂತಿ ತವರಿಗೆ ಹೋಗ್ಲಿಲ್ಲ ಕಣೇ ನಾಗಮಣಿ!" ಎಂದು ಗೋಡೆಯಾಚೆ ಗೋಪಾಲಮ್ಮ ಕಿರುಚಿದರು. ತೊಟ್ಟಿಲ ಹಾಡು ಬಂದಾಗ ಗಂಡಸರು ಅಭ್ಯಾಸಬಲದಿಂದ ಎದ್ದರು, ಹಗ್ಗ ನೋಡಿ ಕೂತರು. ತೊಟ್ಟಿಲು ಖಾಲಿಯಿತ್ತು. ಬಾವಿಗೆ ಬಿದ್ದ ತನ್ನ ಕೂಸಿಗಾಗಿ ಬಿಳಿ ಸೀರೆಯ ಆ ದೆವ್ವವೇ ಖಾಲಿ ತೊಟ್ಟಿಲು ತೂಗುತ್ತಾ ಹಾಡುತ್ತಿತ್ತು. ಸಿದ್ರಾಮಪ್ಪ ಹೆಗಲ ಟವೆಲಿನಿಂದ ಮೂಗು ಒರೆಸಿಕೊಂಡ.

"ಇದನ್ನ ಯಾರೂ ನನಗ ಹೇಳಲೇ ಇಲ್ಲಲ್ರೀ," ಎಂದ ಪಕ್ಕದವನಿಗೆ.

ಏಳನೇ ರೀಲಿಗೆ ಮತ್ತೆ ನಗಾರಿ ಬಡಿದಾಗ ರಾಯರು ಸೇತುರಾಮನ ಕಿವಿಯ ಹತ್ತಿರ ಬಂದರು. ಕಣ್ಣು ಮುಚ್ಚಿಯೇ ಇತ್ತು.

"ಫೈಲ್ ಕೊಡ್ರೀ ಇಲ್ಲಿ. ನವೀಕರಣ ಮಾಡ್ಬಿಡೋಣ. ಎಲ್ಲಿ ಸಹಿ ಹಾಕ್ಬೇಕು, ತೋರ್ಸಿ."

ಪರದೆಯ ಬೆಳಕಿನಲ್ಲಿ ಸೇತುರಾಮ ಸಾಹೇಬರ ಬೆರಳು ಹಿಡಿದು, ಅದೇ ಅಚ್ಚಿನ ಸಾಲಿನ ಕೆಳಗೆ ಇಟ್ಟ. 'ಆದ್ಯಂತ ಖುದ್ದಾಗಿ ವೀಕ್ಷಿಸಿರುತ್ತೇನೆ.' ರಾಯರು ಸಹಿ ಹಾಕಿದರು. ಸ್ವಲ್ಪ ಸೊಟ್ಟಗೆ ಬಂತು, ಆದರೆ ಅವರದೇ ಸಹಿ. ಸೋಮವಾರದ ವಿಚಾರವನ್ನು ಅವರು ಇನ್ನು ಎತ್ತಲಾರರೆಂದು ಸೇತುರಾಮನಿಗೆ ಅರ್ಥವಾಯಿತು. ಫೈಲನ್ನು ಹಿಂದಕ್ಕೆ ಚಾಚಿದ. ಕತ್ತಲಿನಲ್ಲಿ ನಿಂತಿದ್ದ ಅಂಜಿನಮ್ಮ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ದೆವ್ವ ಬಾವಿಕಟ್ಟೆಗೆ ಬಂದು "ದಾಹ..." ಎಂದಿತು. ಟೆಂಟು ಉತ್ತರ ಕೊಟ್ಟಿತು. ರಾಯರ ಉಗುರುಗಳು ಸೇತುರಾಮನ ಮಣಿಕಟ್ಟಿಗೆ ಇಳಿದವು.

"ಸೇತುರಾಮ್, ಹೋಯ್ತೇನ್ರೀ ಅದು?"

ಸೇತುರಾಮ ಅಂಜಿನಮ್ಮನ ಕಡೆ ನೋಡಿದ. ಅವಳೂ ಅವನ ಕಡೆ ನೋಡುತ್ತಿದ್ದಳು.

"ಇನ್ನೂ ಇದೆ ಸಾರ್," ಎಂದ ಮೆಲ್ಲಗೆ. "ಹಾಗೇ ಇರಿ. ಹೋದ ಮೇಲೆ ನಾನು ಹೇಳ್ತೀನಿ."